ಕ್ಲಚ್ ಕವರ್ ಸೋರಿಕೆಗೆ ನಾನಾ ಪೇಠೆಯ ಮದ್ದುಗಳು: ಕಾಗದದ ಪ್ಯಾಕಿಂಗ್, ಸಿಲಿಕೋನ್ ಟ್ಯೂಬ್ ಮತ್ತು ಉಳಿದವು

ಕ್ಲಚ್ ಕವರ್ ಅಂದರೆ ಬೈಕ್ ಎಂಜಿನ್ನಿನ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಗಡೆ, ಕ್ಲಚ್ಚನ್ನು ಮುಚ್ಚುವ ಅಲ್ಯುಮಿನಿಯಂ ಮುಚ್ಚಳ. ಪುಣೆಯ ನಾನಾ ಪೇಠೆಯಲ್ಲಿ ಯಾವುದಾದರೂ ಬೈಕ್ ಸ್ಪೇರ್ಸ್ ಅಂಗಡಿ ಮುಂದೆ ನಿಂತು ‘ಕ್ಲಚ್ ಕವರ್‌ನಿಂದ ಆಯಿಲ್ ಜಿನುಗ್ತಿದೆ’ ಅಂದರೆ ಕೌಂಟರ್ ಮೇಲೆ ಎರಡು ಸಾಮಾನು ಬರುತ್ತವೆ. ಒಂದು, ಪ್ಲಾಸ್ಟಿಕ್ ಚೀಲದೊಳಗೆ ಚಪ್ಪಟೆಯಾಗಿ ಮಲಗಿದ, ಕವರ್‌ಗೂ ಎಂಜಿನ್ನಿಗೂ ನಡುವೆ ಕೂರುವ ಕಾಗದದ ಗ್ಯಾಸ್ಕೆಟ್, ಇಲ್ಲಿಯವರ ಬಾಯಲ್ಲಿ ‘ಪ್ಯಾಕಿಂಗ್’. ಇನ್ನೊಂದು, ಕಪ್ಪು ಇಲ್ಲವೇ ಬೂದು ಬಣ್ಣದ ಸಿಲಿಕೋನ್ ತುಂಬಿದ ಟ್ಯೂಬ್. ರಸ್ತೆ ಬದಿಯ ಗ್ಯಾರೇಜಿಗೆ ಹೋದರೆ ಬಹಳ ಸಲ ಪ್ಯಾಕಿಂಗ್ ಸುದ್ದಿಯೇ ಬರುವುದಿಲ್ಲ. ‘ಸಿಲಿಕೋನ್ ಲಾವೂನ್ ದೇತೋ’ (ಸಿಲಿಕೋನ್ ಹಚ್ಚಿ ಕೊಡ್ತೀನಿ) ಅನ್ನುತ್ತಾರೆ, ಅರ್ಧ ಗಂಟೆಯಲ್ಲಿ ಗಾಡಿ ಕೈಗೆ ಕೊಡುತ್ತಾರೆ. ಆ ಕೆಲಸ ಒಂದು ಮಳೆಗಾಲ ದಾಟಿದರೆ ಹೆಚ್ಚು. ತೀರ್ಪು ಮೊದಲೇ ಹೇಳಿಬಿಡಬಹುದು: ಸೋರಿಕೆ ನಿಲ್ಲಿಸುವುದು ಆ ಅಗ್ಗದ ಕಾಗದ. ಟ್ಯೂಬಿನಿಂದ ಬೇಕಾಗುವುದು ಜೋಳದ ಕಾಳಿನಷ್ಟು, ಅದೂ ಕೆಲವು ಕಡೆ ಮಾತ್ರ.

ಸೋರಿಕೆ ಕಂಡೊಡನೆ ಗಾಬರಿಯಾಗಬೇಕಿಲ್ಲ. ನಿಮಿಷಕ್ಕೊಂದು ಹನಿ ಬಿದ್ದರೂ ಗಂಟೆಗೆ ಎರಡು-ಮೂರು ಮಿಲಿಲೀಟರ್ ಹೋಗುತ್ತದೆ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಏಳು ತಾಸು ಹಿಡಿದರೂ 20 ಮಿಲಿ ಆಸುಪಾಸು. 150 ಸಿಸಿ ಎಂಜಿನ್ನಿನ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಇರುತ್ತದೆ, ಅಷ್ಟಕ್ಕೆ ಎಂಜಿನ್ ಸೀಜ್ ಆಗುವುದಿಲ್ಲ, ಅಂದರೆ ಒಳಗೆ ಕಚ್ಚಿಕೊಂಡು ನಿಲ್ಲುವುದಿಲ್ಲ. ಅಂಜಿಕೆ ಇರಬೇಕಾದದ್ದು ಹಿಂದಿನ ಟಯರಿನ ಬಗ್ಗೆ. ಕವರ್ ಕೆಳಗಿನಿಂದ ಗಾಳಿಗೆ ಹಿಂದಕ್ಕೆ ಹಾರಿದ ಆಯಿಲ್ ಟಯರಿನ ಬಲ ಅಂಚಿಗೆ ಕೂತರೆ, ಅದೇ ದಾರಿಯ ಖಂಬಾಟಕಿ ಘಾಟಿನಲ್ಲಿ ಮಳೆ ಬಿದ್ದ ತಿರುವಿಗೆ ಗಾಡಿ ಬಲಕ್ಕೆ ವಾಲಿಸಿದಾಗ ಅದರ ಲೆಕ್ಕ ಚುಕ್ತಾ ಆಗುತ್ತದೆ. ಹಿಂದಿನ ಡಿಸ್ಕ್ ಬಲಗಡೆ ಇರುವ ಗಾಡಿಗಳಲ್ಲಿ ಬ್ರೇಕಿಗೂ ಇದೇ ಗತಿ. ಜೂನ್ ಬರುವ ಮೊದಲೇ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಪ್ಯಾಕಿಂಗ್ ಕೊಳ್ಳುವ ಮೊದಲು ಸೋರುತ್ತಿರುವುದು ಪ್ಯಾಕಿಂಗೇ ಹೌದೋ ಅಂತ ನೋಡಿ. ಆಯಿಲ್ ಹರಿಯುವುದು ಕೆಳಕ್ಕೆ ಮತ್ತು ಹಿಂದಕ್ಕೆ. ಹನಿ ಬೀಳುವ ಜಾಗಕ್ಕೂ ಹುಟ್ಟುವ ಜಾಗಕ್ಕೂ ಒಂದಡಿ ಅಂತರ ಇರಬಹುದು. ಎಂಜಿನ್ ತಲೆಯ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್‌ನ ರಬ್ಬರ್ ಗಟ್ಟಿಯಾಗಿ ಅಲ್ಲಿಂದ ಇಳಿದದ್ದು ಕ್ಲಚ್ ಕವರ್ ಮೇಲೆ ನಿಂತು ಹೆಸರು ಕೆಡಿಸುತ್ತದೆ. ಕ್ಲಚ್ ಕೇಬಲ್ ಎಳೆಯುವ ತೋಳಿನ ಬುಡದಲ್ಲಿ ಒಂದು ಸಣ್ಣ ಆಯಿಲ್ ಸೀಲ್ ಇರುತ್ತದೆ, ಕಿಕ್ ಶಾಫ್ಟಿಗೆ ಇನ್ನೊಂದು. ಆಯಿಲ್ ಹಾಕುವ ಮುಚ್ಚಳದ ರಬ್ಬರ್ ಉಂಗುರ, ಅಂದರೆ ಒ-ರಿಂಗ್ ಇದೆ, ಡ್ರೇನ್ ಬೋಲ್ಟಿನ ವಾಷರ್ ಇದೆ. ಪಲ್ಸರ್ 150ರಲ್ಲಿ ಆಯಿಲ್ ಫಿಲ್ಟರ್ ಕೂತಿರುವುದೇ ಬಲಗಡೆ, ಮೂರು ಬೋಲ್ಟಿನ ಪುಟ್ಟ ಮುಚ್ಚಳದ ಹಿಂದೆ. ಅದರ ಒ-ರಿಂಗ್ ಮಡಚಿ ಕೂತರೆ ಇಡೀ ಕವರ್ ಒದ್ದೆಯಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ಉಂಗುರದ ತಪ್ಪಿಗೆ ಇಡೀ ಕವರ್ ಬಿಚ್ಚಿಸಿಕೊಂಡವರು ಕಡಿಮೆಯಿಲ್ಲ.

ಪತ್ತೆ ಹಚ್ಚುವ ಬಗೆ ಸರಳ. ಎಂಜಿನ್ ತಣ್ಣಗಿರುವಾಗ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕವರ್ ಸುತ್ತ, ಸಿಲಿಂಡರ್ ಕೆಳಗೆ, ಫಿನ್‌ಗಳ ನಡುವೆ ತೊಳೆದು, ಸೋಪಿನ ನೀರು ಹಾಕಿ, ಒರೆಸಿ ಪೂರ್ತಿ ಒಣಗಿಸಿ. ಆಮೇಲೆ ಟಾಲ್ಕಂ ಪೌಡರ್ ಉದುರಿಸಿ. ರಂಗೋಲಿ ಪುಡಿ ಬೇಡ, ಅದು ಕಲ್ಲಿನ ಪುಡಿ, ಸೀಲಿನ ತುಟಿಗೆ ಸಿಕ್ಕರೆ ಉಜ್ಜಿ ತಿನ್ನುತ್ತದೆ. ಗಾಡಿ ನಿಲ್ಲಿಸಿಯೇ ಹತ್ತು-ಹದಿನೈದು ನಿಮಿಷ ಎಂಜಿನ್ ಓಡಿಸಿದರೆ ಬಿಳಿ ಪುಡಿಯಲ್ಲಿ ಕಂದು ಗೆರೆ ಮೂಡುತ್ತದೆ. ಗೆರೆಯ ಮೇಲ್ತುದಿಯೇ ಮೂಲ. ಕವರ್‌ನ ಜೋಡಣೆಯ ಗೆರೆಯಿಂದಲೇ ಅದು ಹೊರಟಿದ್ದರೆ ಮುಂದೆ ಓದಿ.

ಅದಕ್ಕೂ ಮುಂಚೆ ಇನ್ನೆರಡು ನೋಡಬೇಕು, ಎರಡಕ್ಕೂ ಖರ್ಚಿಲ್ಲ. ಮೊದಲನೆಯದು ಆಯಿಲ್ ಮಟ್ಟ. ಗಾಡಿ ನೆಟ್ಟಗೆ ನಿಲ್ಲಿಸಿ, ಎರಡು-ಮೂರು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ನೋಡಿ. ಸೈಡ್ ಸ್ಟ್ಯಾಂಡಿನ ಮೇಲೆ ನೋಡಿದ ಮಟ್ಟ ಸುಳ್ಳು ಹೇಳುತ್ತದೆ, ಅದನ್ನು ನಂಬಿ ಜಾಸ್ತಿ ಸುರಿಯುವವರೇ ಹೆಚ್ಚು. ಎರಡನೆಯದು ಬ್ರೀದರ್ ಪೈಪು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಗಾಳಿಗೆ ಹೊರದಾರಿ ಬೇಕು. ಏರ್ ಫಿಲ್ಟರ್ ಡಬ್ಬಿಗೆ ಹೋಗುವ ಆ ರಬ್ಬರ್ ಪೈಪು ಮಡಚಿಕೊಂಡಿದ್ದರೆ, ಕೆಸರೋ ಆಯಿಲಿನ ಜಿಡ್ಡೋ ತುಂಬಿದ್ದರೆ ಒತ್ತಡ ಪ್ಯಾಕಿಂಗಿನ ಮೇಲೆ ಬೀಳುತ್ತದೆ. ಬ್ರೀದರ್ ಕಟ್ಟಿದ ಎಂಜಿನ್ನಿಗೆ ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ತಿಂಗಳೊಳಗೆ ಮತ್ತೆ ಒದ್ದೆ.

ಈಗ ಸಾಮಾನಿನ ವಿಚಾರ. ಕಂಪನಿಯ ಪ್ಯಾಕಿಂಗ್, ಅಂದರೆ ಗಾಡಿ ತಯಾರಕರ ಪ್ಯಾಕೆಟ್ಟಿನಲ್ಲಿ ಪಾರ್ಟ್ ನಂಬರ್ ಮತ್ತು ಎಂಆರ್‌ಪಿ ಅಚ್ಚಾಗಿ ಬರುವುದು, ಸಾಮಾನ್ಯ ಬೈಕುಗಳಿಗೆ ಒಂದು ಪ್ಲೇಟ್ ಮಿಸಳ್ ಮತ್ತು ಎರಡು ಕಟಿಂಗ್ ಚಹಾದ ದರದಲ್ಲಿ ಮುಗಿಯುತ್ತದೆ. ಇದಕ್ಕೆ ಪೂರ್ಣ ಅಂಕ. ಕಾರಣ ಬ್ರ್ಯಾಂಡ್ ಮೋಹ ಅಲ್ಲ, ದಪ್ಪ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ಹಾಳೆಯನ್ನು ಲೆಕ್ಕಕ್ಕೆ ಹಿಡಿದೇ ಒಳಗಿನ ಕಿಕ್ ಶಾಫ್ಟಿನ ಸಡಿಲ, ಕ್ಲಚ್ ಒತ್ತುವ ರಾಡಿನ ಅಂತರ ಗೊತ್ತುಮಾಡಿರುತ್ತಾರೆ. ಹಾಳೆ ತೆಗೆದು ಬರೀ ಸಿಲಿಕೋನ್ ಬಳಿದರೆ ಆ ಅರ್ಧ ಮಿಲಿಮೀಟರ್ ಮಾಯವಾಗುತ್ತದೆ. ಕೆಲವು ಗಾಡಿಗಳಲ್ಲಿ ಕಿಕ್ ಬಿಗಿಯಾಗುವುದು, ಕ್ಲಚ್ ಅಡ್ಜಸ್ಟ್‌ಮೆಂಟ್ ಹಿಡಿತಕ್ಕೆ ಸಿಗದಿರುವುದು ಇದರಿಂದಲೇ.

ಪುಣೆಯಲ್ಲಿ ಕಣ್ಣು ಹಾಕಿದಲ್ಲೆಲ್ಲ ಪಲ್ಸರ್, ಆದ್ದರಿಂದ ಅದರದೇ ಉದಾಹರಣೆ. 2001ರಲ್ಲಿ ಬಂದ ಮೇಲೆ ಪಲ್ಸರ್ 150 ಹಲವು ಸಲ ರೂಪ ಬದಲಿಸಿದೆ. ಮೆಕ್ಯಾನಿಕ್‌ಗಳು ಯುಜಿ3, ಯುಜಿ4 (ಯುಜಿ ಅಂದರೆ ಅಪ್‌ಗ್ರೇಡ್) ಅಂತ ಗುರುತಿಸುತ್ತಾರೆ. ‘ಪಲ್ಸರ್ ಪ್ಯಾಕಿಂಗ್ ಕೊಡಿ’ ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಟ್ಟಾರು. ಗಾಡಿಯ ವರ್ಷ ಹೇಳಿ, ಆಗುವುದಾದರೆ ಕಳಚಿದ ಕವರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಕೌಂಟರ್ ಮೇಲೆಯೇ ಪ್ಯಾಕಿಂಗ್ ಇಟ್ಟು ನೋಡಿದರೆ ಮುಗಿಯಿತು. ಮುಖ್ಯವಾಗಿ ನೋಡಬೇಕಾದದ್ದು ಬೋಲ್ಟಿನ ತೂತುಗಳನ್ನಲ್ಲ, ಆಯಿಲ್ ಹರಿಯುವ ತೂತುಗಳನ್ನು. ಹಲವು ಎಂಜಿನ್‌ಗಳಲ್ಲಿ ಪಂಪಿನಿಂದ ಕ್ರ್ಯಾಂಕಿಗೆ ಹೋಗುವ ಆಯಿಲ್ ಈ ಕವರ್ ಮೂಲಕವೇ ದಾಟುತ್ತದೆ. ಪ್ಯಾಕಿಂಗಿನಲ್ಲಿ ಆ ತೂತು ಇಲ್ಲದಿದ್ದರೆ, ಅರ್ಧ ಮುಚ್ಚಿದ್ದರೆ ಸೋರಿಕೆ ನಿಂತೀತು, ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡ್ ಕೂಡುವಲ್ಲಿನ ಬಿಗ್ ಎಂಡ್ ಬೇರಿಂಗ್ ಹೋದೀತು.

ಲೋಕಲ್ ಗ್ಯಾಸ್ಕೆಟ್ ಕಿಟ್‌ಗಳ ಮೇಲೆ ದೂರು ಇರುವುದು ಇಲ್ಲೇ. ಒಂದೇ ಪ್ಯಾಕೆಟ್ಟಿನಲ್ಲಿ ಇಡೀ ಎಂಜಿನ್ನಿನ ಪ್ಯಾಕಿಂಗ್ ಬರುತ್ತದೆ, ಪೂರ್ತಿ ಎಂಜಿನ್ ಬಿಚ್ಚುವಾಗ ಲಾಭ. ಆದರೆ ದಪ್ಪ ಒಂದೇ ಸಮ ಇರುವುದಿಲ್ಲ, ತೂತಿನ ಅಂಚಿನಲ್ಲಿ ಎಳೆ ನಿಂತಿರುತ್ತದೆ, ಪೆಟ್ಟಿಗೆಗೆ ಹಿಡಿಸಲೆಂದು ನಡುವೆ ಮಡಚಿರುತ್ತಾರೆ. ಮಡಿಕೆ ಬಿದ್ದ ಪ್ಯಾಕಿಂಗ್ ಮಾತ್ರ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಆ ಗೆರೆಯ ಉದ್ದಕ್ಕೂ ನಾರು ಮುರಿದಿರುತ್ತದೆ, ಆಯಿಲಿಗೆ ಅದೇ ಕಾಲುದಾರಿ. ಬಹಳ ದಿನ ಅಂಗಡಿಯಲ್ಲಿ ನೇತಾಡಿದ ಕಾಗದ ಒಣಗಿ ಸ್ವಲ್ಪ ಕುಗ್ಗಿ, ಒಂದೆರಡು ತೂತು ಕೂಡದೆ ಹೋಗುವುದುಂಟು. ಅದನ್ನು ಎಳೆದು ಕೂಡಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ನಿಮಿಷ ಬಿಟ್ಟು, ಬಟ್ಟೆಯ ನಡುವೆ ಒತ್ತಿ ತೆಗೆದರೆ ಮೊದಲಿನ ಅಳತೆಗೆ ಬರುತ್ತದೆ. ಹಳೆಯ ಮೇಸ್ತ್ರಿಗಳು ಮಾಡುತ್ತಿದ್ದದ್ದೂ ಇದೇ.

ಹಳೆಯ ಗಾಡಿಗೆ ಪ್ಯಾಕಿಂಗ್ ಸಿಗದಾಗ ಗ್ಯಾಸ್ಕೆಟ್ ಶೀಟ್ ತಂದು ಕೈಯಲ್ಲಿ ಕತ್ತರಿಸಿಕೊಳ್ಳುವುದು ತಪ್ಪೇನಲ್ಲ. ದಪ್ಪ ಹಳೆಯದಕ್ಕೆ ಹೊಂದಬೇಕು, ವರ್ನಿಯರ್ ಎಂಬ ಅಳತೆ ಸಾಧನದಿಂದ, ಹಳೆಯದರಲ್ಲಿ ಬೋಲ್ಟ್ ಬಿಗಿಯದ ಜಾಗದಲ್ಲಿ ಅಳೆಯಿರಿ. ಆದರೆ ಕವರ್ ಮೇಲೆ ಶೀಟ್ ಇಟ್ಟು ಸುತ್ತಿಗೆಯಿಂದ ಅಂಚು ತಟ್ಟಿ ಕತ್ತರಿಸುವ ಪದ್ಧತಿ ಬೇಡ. ಅಲ್ಯುಮಿನಿಯಂ ಅಂಚು ದುಂಡಾಗುತ್ತದೆ, ಮುಂದಿನ ಸೋರಿಕೆಯನ್ನು ಕೈಯಾರೆ ಮಾಡಿಟ್ಟಂತೆ. ಪೆನ್ಸಿಲ್ಲಿನಿಂದ ಗೆರೆ ಎಳೆದು ಬ್ಲೇಡಿನಿಂದ ಕತ್ತರಿಸಿ, ತೂತುಗಳಿಗೆ ಪಂಚ್ ಬಳಸಿ.

ಸಿಲಿಕೋನ್ ಟ್ಯೂಬ್‌ಗೆ ಬರೋಣ. ಗ್ಯಾರೇಜುಗಳಲ್ಲಿ ಯಾವ ಕಂಪನಿಯದಾದರೂ ಇದಕ್ಕೆ ‘ಅನಾಬಾಂಡ್’ ಅನ್ನುವುದೇ ರೂಢಿ. ವಸ್ತು ಒಳ್ಳೆಯದೇ, ಎಂಜಿನ್ ಬಿಸಿಯನ್ನೂ ಆಯಿಲನ್ನೂ ತಡೆಯುತ್ತದೆ. ಕೆಟ್ಟದ್ದು ಅದರ ಬಳಕೆ. ಕವರ್ ಸುತ್ತ ಬೆರಳು ದಪ್ಪ ಹಾವಿನ ಹಾಗೆ ಹಿಂಡಿ ಬಿಗಿದಾಗ ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಹೊರಗಿನದು ಕಾಣುತ್ತದೆ, ಒರೆಸುತ್ತಾರೆ. ಒಳಗಿನದು ಗಟ್ಟಿಯಾಗಿ, ಕೆಲವು ದಿನಕ್ಕೆ ಹುಳುವಿನಂತೆ ಕಿತ್ತು ಬಂದು ಆಯಿಲಿನಲ್ಲಿ ತೇಲಿ, ಪಂಪಿನ ಜಾಳಿಗೆಗೆ ಹೋಗಿ ಅಂಟಿಕೊಳ್ಳುತ್ತದೆ. ಜಾಳಿಗೆ ಮುಚ್ಚಿದರೆ ಮೇಲೆ ವಾಲ್ವ್ ತೆರೆಯುವ ಕ್ಯಾಮಿಗೆ ಆಯಿಲ್ ಇಲ್ಲ. ಸೋರಿಕೆಯಿಂದ ಸಾಯದ ಎಂಜಿನ್ ಸೋರಿಕೆಯ ಮದ್ದಿನಿಂದ ಸಾಯುವುದು ಹೀಗೆ.

ಸಿಂಗಲ್ ಸಿಲಿಂಡರ್ ಗಾಡಿಯ ಬಲಗಡೆ ಕವರ್‌ಗೆ ಸಿಲಿಕೋನಿನ ನ್ಯಾಯವಾದ ಜಾಗ ಒಂದೇ: ಲೋಹದ ಮುಖದಲ್ಲಿ ಹಿಂದಿನವರು ಸ್ಕ್ರೂಡ್ರೈವರ್ ತುರುಕಿ ಮಾಡಿದ ಗಾಯ. ಅಲ್ಲಿ ಕಾಳಿನಷ್ಟು ಹಚ್ಚಿ, ಬೆರಳಿನಿಂದ ಸವರಿ, ಗಾಯ ತುಂಬಿದರೆ ಸಾಕು. ಎಡಗಡೆ ಮ್ಯಾಗ್ನೆಟ್ ಕವರ್‌ನಲ್ಲಿ ವೈರ್ ಹೊರಬರುವ ರಬ್ಬರ್ ಗ್ರೋಮೆಟ್ಟಿನ ಸುತ್ತಲೂ ತೆಳ್ಳಗೆ ಬೇಕು. ಆ ಬದಿಯ ಸೋರಿಕೆಗಳಲ್ಲಿ ಪ್ಯಾಕಿಂಗ್ ನಿರಪರಾಧಿ, ಗ್ರೋಮೆಟ್ ಕಳ್ಳ ಅನ್ನುವುದು ಸಾಮಾನ್ಯ. ಕ್ರ್ಯಾಂಕ್‌ಕೇಸ್ ಅಡ್ಡಕ್ಕೆ ಎರಡು ಭಾಗವಾಗಿರುವ ಟ್ವಿನ್, ಫೋರ್ ಸಿಲಿಂಡರ್ ಎಂಜಿನ್‌ಗಳಲ್ಲಿ ಮಾತ್ರ, ಆ ಎರಡು ಭಾಗ ಕೂಡುವ ಗೆರೆ ಕವರ್‌ನ ಮುಖಕ್ಕೆ ಬಂದು ಮುಟ್ಟುವ ಎರಡು ಕಡೆ ಒಂದೊಂದು ಬೊಟ್ಟು ಇಡಬೇಕು. ಕಾಗದವೇ ಇಲ್ಲದೆ ಬರೀ ಸೀಲಂಟ್ ಹಚ್ಚಿ ಎಂದು ಮ್ಯಾನುವಲ್ ಹೇಳುವ ಜೋಡಣೆಗಳೂ ಇವೆ, ಅಲ್ಲಿ ಮ್ಯಾನುವಲ್ಲಿನ ಮಾತೇ ಮಾತು.

ಟ್ಯೂಬ್ ಕೊಳ್ಳುವುದಾದರೆ ಅದರ ಮೇಲೆ ಗ್ಯಾಸ್ಕೆಟ್ ಮೇಕರ್ ಎಂದಿರಬೇಕು, ತಯಾರಾದ ತಾರೀಖು ನೋಡಬೇಕು. ಬಾತ್‌ರೂಮ್ ಟೈಲ್ಸಿಗೆ ಹಚ್ಚುವ, ಹಿಂಡಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಎಂಜಿನ್ನಿಗೆ ಬೇಡ. ಆ ಆಮ್ಲ ಲೋಹ ತಿನ್ನುತ್ತದೆ, ಮತ್ತು ಆ ಜಾತಿ ಆಯಿಲಿಗೆ ತಾಳುವುದೂ ಇಲ್ಲ. ಇನ್ನೊಂದು ಸಂಗತಿ ಮುಂಬೈ, ಗೋವಾದವರಿಗೂ ಸೇರಿಸಿ: ಈ ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಜುಲೈ ತಿಂಗಳ ಕೊಂಕಣದ ಹವೆಯಲ್ಲಿ ಐದಾರು ನಿಮಿಷಕ್ಕೇ ಮೇಲೆ ತೊಗಲು ಕಟ್ಟುತ್ತದೆ, ಮೇ ತಿಂಗಳ ಒಣ ಪುಣೆಯಲ್ಲಿ ನಿಧಾನ. ತೊಗಲು ಕಟ್ಟಿದ ಮೇಲೆ ಕವರ್ ಕೂಡಿಸಿದರೆ ಅಂಟುವುದಿಲ್ಲ, ಒತ್ತಿಕೊಂಡಿರುತ್ತದೆ ಅಷ್ಟೇ. ಹಚ್ಚಿದ ಮೇಲೆ 24 ತಾಸು ಎಂಜಿನ್ ಓಡಿಸದೆ ಬಿಡಬೇಕು. ಅರ್ಧ ಗಂಟೆಯಲ್ಲಿ ಗಾಡಿ ಕೊಡುವ ಗ್ಯಾರೇಜಿನ ಸಿಲಿಕೋನ್ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಎರಡು ಮುದ್ದೆ ಕಲಸಿ ಮೆತ್ತುವ ಎಂ-ಸೀಲ್ ಮಾತು ಬೇಗ ಮುಗಿಯುತ್ತದೆ. ಜೋಡಣೆಯ ಗೆರೆಗೆ ಹೊರಗಿನಿಂದ ಮೆತ್ತುವುದು ಬರೀ ಸಮಾಧಾನ, ಎಣ್ಣೆ ಕುಡಿದ ಲೋಹಕ್ಕೆ ಅದು ಕಚ್ಚುವುದಿಲ್ಲ. ಗಾಡಿ ಬಿದ್ದು ಕವರ್ ಬಿರುಕು ಬಿಟ್ಟಾಗ, ಆಯಿಲ್ ಇಳಿಸಿ, ಜಾಗವನ್ನು ಥಿನ್ನರ್‌ನಿಂದ ತೊಳೆದು, ಎಮರಿಯಿಂದ ಉಜ್ಜಿ ಒರಟಾಗಿಸಿ ಹಚ್ಚಿದರೆ ಊರು ಮುಟ್ಟಿಸುತ್ತದೆ. ಶೆಲ್ಲಾಕ್, ಅಂದರೆ ಅರಗಿನ ದ್ರಾವಣ ಹಚ್ಚುವ ಹಳಬರು ಇನ್ನೂ ಇದ್ದಾರೆ. ಬಿಗಿಯಾಗಿ ಹಿಡಿಯುತ್ತದೆ, ಆದರೆ ಮುಂದಿನ ಸಲ ಕವರ್ ಕೀಳುವವರು ಶಾಪ ಹಾಕುತ್ತಾರೆ.

ಕೆಲಸ ಮನೆಯಲ್ಲೇ ಮಾಡುವವರಿಗೆ: 8 ಮಿಲಿಮೀಟರಿನ ಟಿ-ಪಾನಾ (ಟಿ ಆಕಾರದ ಸ್ಪ್ಯಾನರ್), ಬಿಗಿಯುವ ಬಲ ಅಳೆಯುವ ಒಂದು ಸಣ್ಣ ಟಾರ್ಕ್ ರೆಂಚ್, ಪ್ಲಾಸ್ಟಿಕ್ ಇಲ್ಲವೇ ಮರದ ಸುತ್ತಿಗೆ ಸಾಕು. ಆಯಿಲ್ ಬದಲಿಸುವ ಹೊತ್ತಿಗೇ ಇದನ್ನೂ ಹಮ್ಮಿಕೊಂಡರೆ ಆಯಿಲ್ ಹಾಳಾಗುವುದಿಲ್ಲ. ಆಯಿಲ್ ಇಳಿಸಿ, ಕ್ಲಚ್ ಕೇಬಲ್ ಬಿಡಿಸಿ, ಕಿಕ್ ತೆಗೆಯುವ ಮೊದಲು ಶಾಫ್ಟಿಗೂ ಕಿಕ್ಕಿಗೂ ಒಂದೇ ಸಾಲಿನಲ್ಲಿ ಗುರುತು ಹಾಕಿ. ಕೆಲವು ಗಾಡಿಗಳಲ್ಲಿ ಫುಟ್‌ರೆಸ್ಟ್ ಮತ್ತು ಬ್ರೇಕ್ ಪೆಡಲ್ಲನ್ನೂ ಸರಿಸಬೇಕಾಗುತ್ತದೆ. ಕವರ್‌ನ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ತೆಗೆದ ಬೋಲ್ಟನ್ನು ಅದರದರ ಜಾಗಕ್ಕೆ ಚುಚ್ಚಿಡಿ. ಉದ್ದದ್ದು ಗಿಡ್ಡದರ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ, ಬಿಗಿದ ಹಾಗೆ ಅನ್ನಿಸುತ್ತದೆ, ಕವರ್ ಒತ್ತಿರುವುದಿಲ್ಲ. ಇನ್ನೂ ತಿರುವಿದರೆ ಕೇಸ್ ಸೀಳುತ್ತದೆ. ಗಿಡ್ಡದ್ದು ಉದ್ದದರ ತೂತಿಗೆ ಹೋದರೆ ನಾಲ್ಕೇ ಎಳೆ ಹಿಡಿದು ಥ್ರೆಡ್ ಕಿತ್ತು ಬರುತ್ತದೆ.

ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಒಳಗೆ ತೂರಿಸಿ ಮೀಟಬೇಡಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಬಿಡುತ್ತದೆ. ತೆಗೆಯುವಾಗ ಕಿಕ್ ಶಾಫ್ಟಿನ ವಾಷರ್ ಕವರ್‌ಗೆ ಅಂಟಿಕೊಂಡು ಬಂದು ಕೆಳಗೆ ಬೀಳಬಹುದು, ಕೆಳಗೆ ತಟ್ಟೆ ಇಟ್ಟಿರಿ. ಎರಡು ಪೊಳ್ಳು ಡೌಲ್ ಪಿನ್ನುಗಳಿರುತ್ತವೆ, ಉಕ್ಕಿನ ಪುಟ್ಟ ಕೊಳವೆಯಂಥವು. ಕವರನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ಅವೇ. ಹಿಂದಿನ ಮೆಕ್ಯಾನಿಕ್ ಒಂದನ್ನು ಕಳೆದುಹಾಕಿದ್ದರೆ ಸೋರಿಕೆಗೆ ಮೂಲ ಅದೇ ಇದ್ದೀತು. ಸಿಗದಿದ್ದರೆ ಹೊಸದು ತನ್ನಿ, ಇಲ್ಲದೆ ಮುಚ್ಚಬೇಡಿ.

ಈ ಕೆಲಸದಲ್ಲಿ ಮುಕ್ಕಾಲು ಹೊತ್ತು ಹೋಗಬೇಕಾದದ್ದು ಮುಖ ಸ್ವಚ್ಛ ಮಾಡುವುದಕ್ಕೆ. ಕೇಸಿನ ಒಳಗೆ ಎಳೆ ಬಿಡದ ಬಟ್ಟೆ ತುರುಕಿ, ಹಳೆಯ ಕಾಗದಕ್ಕೆ ಥಿನ್ನರ್ ಹಚ್ಚಿ ನೆನೆಯಲು ಬಿಡಿ, ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಹೆರೆಯಿರಿ. ಮೊಂಡಾಗಿ ಕೂತ ಚೂರಿಗೆ ಬ್ಲೇಡನ್ನು ಲೋಹಕ್ಕೆ ಮಲಗಿಸಿ ಹಿಡಿದು ತಳ್ಳಬೇಕು, ನಿಲ್ಲಿಸಿ ಗೀರಬಾರದು. ಹ್ಯಾಕ್ಸಾ ಬ್ಲೇಡು, ಗ್ರೈಂಡರಿನ ವೈರ್ ಬ್ರಷ್ ಎರಡೂ ಅಲ್ಯುಮಿನಿಯಮ್ಮಿನ ವೈರಿಗಳು. ಕವರ್ ಬಾಗಿದೆಯೋ ನೋಡಲು ಕಿಟಕಿ ಗಾಜಿನ ದಪ್ಪ ತುಂಡಿನ ಮೇಲೆ ಬೋರಲಾಗಿಟ್ಟು ಸುತ್ತಲೂ 0.05 ಮಿಲಿಮೀಟರ್ ಫೀಲರ್ ಗೇಜ್, ಅಂದರೆ ಅಳತೆಯ ತೆಳು ಲೋಹದ ಪಟ್ಟಿ, ತೂರಿಸಿ. ಎಲ್ಲೂ ಹೋಗದಿದ್ದರೆ ಸಪಾಟ. ಹೋದರೆ ಅದೇ ಗಾಜಿಗೆ 400ರ ನೀರು-ಕಾಗದ (ನೀರಿನಲ್ಲಿ ಉಜ್ಜುವ ಮರಳು ಕಾಗದ) ಅಂಟಿಸಿ, 8ರ ಅಂಕಿ ಬರೆಯುವ ಹಾಗೆ ಕವರ್ ಉಜ್ಜಿ, ಆಮೇಲೆ ಪುಡಿ ಉಳಿಯದಂತೆ ತೊಳೆಯಿರಿ. ಕವರ್ ತೆರೆದಿರುವಾಗ ಜಾಳಿಗೆ ತೊಳೆಯುವುದು, ಕಿಕ್ ಶಾಫ್ಟಿನ ಸೀಲ್ ಬದಲಿಸುವುದು ಎರಡೂ ಮಾಡಿಬಿಡಿ. ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿ ಕವರ್ ತೂರಿಸಿದರೆ ತುಟಿ ಹರಿಯುವುದಿಲ್ಲ.

ಪ್ಯಾಕಿಂಗನ್ನು ಒಣಗಿದ್ದಂತೆಯೇ ಡೌಲ್ ಪಿನ್ನುಗಳ ಮೇಲೆ ಕೂರಿಸಿ. ಜಾರುತ್ತಿದ್ದರೆ ಎರಡು ಕಡೆ ಗ್ರೀಸಿನ ಬೊಟ್ಟು. ಕವರ್ ಇಟ್ಟು, ಬಿಗಿಯುವ ಮೊದಲು ಎಲ್ಲ ಬೋಲ್ಟುಗಳನ್ನು ತೂತಿಗೆ ಇಳಿಬಿಟ್ಟು ನೋಡಿ: ತಲೆಗಳೆಲ್ಲ ಕವರ್‌ನಿಂದ ಒಂದೇ ಎತ್ತರ ನಿಂತಿರಬೇಕು. ಒಂದು ಎತ್ತರ, ಒಂದು ತಗ್ಗು ಇದ್ದರೆ ಉದ್ದ ಅದಲುಬದಲಾಗಿದೆ. ಮೊದಲು ಕೈಬೆರಳಿನಲ್ಲಿ, ಆಮೇಲೆ ಎದುರುಬದುರು ಸರದಿಯಲ್ಲಿ 5 ನ್ಯೂಟನ್ ಮೀಟರ್, ಕೊನೆಗೆ 10. ಎಂ6, ಅಂದರೆ 6 ಮಿಲಿಮೀಟರ್ ಬೋಲ್ಟಿಗೆ ಅಷ್ಟು ಸಾಕು, ಮ್ಯಾನುವಲ್ ಬೇರೆ ಹೇಳಿದ್ದರೆ ಅದೇ ಸರಿ. ಟಿ-ಪಾನಾ ಹಿಡಿದು ಭುಜದ ಬಲ ಹಾಕುವವರ ಕೈಯಲ್ಲಿ 20 ದಾಟುವುದು ಸುಲಭ. ಹಾಗೆ ಬಿಗಿದಾಗ ಬೋಲ್ಟಿನ ಸುತ್ತ ಕಾಗದ ನಜ್ಜುಗುಜ್ಜಾಗಿ, ಎರಡು ಬೋಲ್ಟಿನ ನಡುವೆ ಕವರ್ ಬಿಲ್ಲಿನಂತೆ ಏಳುತ್ತದೆ, ಆಯಿಲ್ ಅಲ್ಲಿಂದ ಇಣುಕುತ್ತದೆ. ಸೋರಿಕೆ ಕಂಡಾಗ ‘ಇನ್ನೊಂದು ಸುತ್ತು ಬಿಗಿ ಮಾಡು’ ಅನ್ನುವುದು ಇದೇ ಕಾರಣಕ್ಕೆ ಕೆಟ್ಟ ಸಲಹೆ. ಹಳೆಯ ಕ್ಯಾಸ್ಟ್ ಐರನ್ ಬುಲೆಟ್ಟಿನ ಪ್ರೈಮರಿ ಕವರ್ (ಅದರಲ್ಲಿ ಕ್ಲಚ್ ಮುಚ್ಚುವ ಮುಚ್ಚಳ), ನಡುವೆ ಒಂದೇ ನಟ್ಟಿನಿಂದ ಹಿಡಿದಿರುವಂಥದ್ದು, ಈ ಪಾಠಕ್ಕೆ ಮೊದಲ ಸಾಕ್ಷಿ: ನಟ್ಟು ಬಿಗಿದಷ್ಟೂ ಅಂಚು ಬಾಯಿ ಬಿಡುತ್ತದೆ.

ಗ್ಯಾರೇಜಿನಲ್ಲೇ ಮಾಡಿಸುವವರು ಮೂರು ಮಾತು ಮೊದಲೇ ಹೇಳಿ: ಹೊಸ ಪ್ಯಾಕಿಂಗಿನ ಪ್ಯಾಕೆಟ್ ಎದುರಿಗೇ ಒಡೆಯಬೇಕು, ಬಿಗಿಯಲು ಗಾಳಿ ಒತ್ತಡದ ಏರ್ ಗನ್ ಬೇಡ, ಸಿಲಿಕೋನ್ ಹಚ್ಚುವುದಾದರೆ ಎಲ್ಲಿ ಎಂದು ತೋರಿಸಿ ಹಚ್ಚಬೇಕು. ಹೊಸ ಆಯಿಲ್ ಜಾಸೋ ಎಂಎ ಇಲ್ಲವೇ ಎಂಎ2 ಗುರುತಿನದಿರಲಿ, ಆಯಿಲಿನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ಗುರುತು ಅದು. ಕಾರಿನ ಆಯಿಲಿನಲ್ಲಿ ಕ್ಲಚ್ ಪ್ಲೇಟ್ ಜಾರಬಹುದು. ಇಳಿಸಿದ ಹಳೆಯದನ್ನು ಡಬ್ಬಿಯಲ್ಲಿ ಗ್ಯಾರೇಜಿಗೇ ಕೊಡಿ, ಗಟಾರಕ್ಕೆ ಸುರಿದರೆ ಅದು ಸೇರುವುದು ಮುಳಾ-ಮುಠಾ ನದಿಗೆ.

ಮೊದಲ 20 ಕಿಲೋಮೀಟರ್ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಒಮ್ಮೆ 10ಕ್ಕೆ ಟಾರ್ಕ್ ನೋಡಿ, ಮತ್ತೆ ಪೌಡರ್ ಹಾಕಿ. ಸುತ್ತಲೂ ಒಣಗಿದ್ದು ಒಂದೇ ಒಂದು ಬೋಲ್ಟಿನ ಹತ್ತಿರ ತೇವ ಕಂಡರೆ, ಆ ಬೋಲ್ಟು 10 ಮುಟ್ಟದೆ ಸುಮ್ಮನೆ ತಿರುಗುತ್ತಿದ್ದರೆ ದೋಷ ಪ್ಯಾಕಿಂಗಿನದಲ್ಲ, ಒಳಗಿನ ಥ್ರೆಡ್ ಹೋಗಿದೆ. ದಪ್ಪ ಬೋಲ್ಟ್ ತುರುಕುವುದು, ದಾರ ಸುತ್ತಿ ಬಿಗಿಯುವುದು ಬೇಡ. 6.3 ಮಿಲಿಮೀಟರ್ ಡ್ರಿಲ್, ಥ್ರೆಡ್ ಕೊರೆಯುವ ಅದರದೇ ಟ್ಯಾಪ್, ಎಂ6 ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ). ಲೇತ್ ಅಂಗಡಿಯವರಿಗೆ ಗೊತ್ತಿರುವ ಕೆಲಸ, ಡ್ರಿಲ್ಲಿಗೆ ಗ್ರೀಸ್ ಹಚ್ಚಿ ಕೊರೆದರೆ ಚೂರು ಒಳಗೆ ಬೀಳುವುದಿಲ್ಲ.